ಕಾಡುಪಾಪಕ್ಕೆ ಇಟ್ಟ ಹೆಸರು

ಮಾದೇಶನನ್ನು ಭಾಷಾತಜ್ಞ ಎಂದು ಮೊಟ್ಟಮೊದಲು ಕರೆದದ್ದು ಸಂಸ್ಥೆಯೊಂದರ ರಂಗರಾಜು, ಅದೂ ಯಳಂದೂರು ಬಸ್ ಸ್ಟ್ಯಾಂಡಿನ ಎದುರಿನ ಟೀ ಅಂಗಡಿಯಲ್ಲಿ. ಸೋಲಿಗರ ಪೋಡಿನಲ್ಲಿ, ಕಾಡಿನ ಹಟ್ಟಿಯಲ್ಲಿ, ಹುಟ್ಟಿದ ಮಾದೇಶ ಚಿಕ್ಕಂದಿನಲ್ಲೇ ಕೊಳ್ಳೇಗಾಲದ ಹಾಸ್ಟೆಲು ಸೇರಿದ್ದ. ಈಗ ಅಲ್ಲೇ ಮೊಬೈಲ್ ರಿಪೇರಿ ಮಾಡುತ್ತಿದ್ದ. ಸೋಲಿಗ ನುಡಿ ಅವನಲ್ಲಿ ಉಳಿದದ್ದು ಊಟ, ನಿದ್ದೆ, ಬೈಗುಳಗಳ ಮಟ್ಟಿಗೆ. ತಜ್ಞನಾಗಲು ಅಷ್ಟು ಸಾಕೇನೋ ಎಂದು ಅವನಿಗೂ ಅನ್ನಿಸಿತು.

ಪೋಡಿನ ಅಂಗನವಾಡಿಯ ಗೋಡೆಗೆ ಪ್ರಾಣಿಗಳ ಚಿತ್ರ ಬರೆಸಿ, ಕೆಳಗೆ ಸೋಲಿಗ ಹೆಸರು ಹಾಕಿಸುವುದು ಸಂಸ್ಥೆಯ ಯೋಜನೆ. ಆನೆ, ಕರಡಿಗಳು ಸಲೀಸಾಗಿ ದಾಟಿದವು. ಕಾಡುಪಾಪದ ಬಳಿ ಮಾದೇಶನ ಬಾಯಿ ಕಟ್ಟಿತು. ಕೊಂಬೆ ಹಿಡಿದು ಕೂತು ಕಣ್ಣರಳಿಸುವ ಆ ಪುಟ್ಟ ಜೀವಕ್ಕೆ ತನ್ನ ಜನ ಏನನ್ನುತ್ತಾರೆ?

“ಏನಪ್ಪಾ, ನಿಮ್ ಭಾಷೆ ನಿಮ್ಗೇ ಬರಲ್ವಾ?” ರಂಗರಾಜು ನಕ್ಕ.

ಪೋಡಿನಲ್ಲೇ ಇದ್ದ ದೊಡ್ಡವ್ವನಿಗೆ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ತಜ್ಞರು ಫೋನು ಮಾಡಿ ಕೇಳುವುದುಂಟೆ?

“ಮಿಟ್ಟಗಣ್ಣೆ, ಸಾ,” ಎಂದುಬಿಟ್ಟ. ಆ ಪದದ ವಯಸ್ಸು ಅರ್ಧ ನಿಮಿಷವೂ ಆಗಿರಲಿಲ್ಲ.

“ಆಹಾ, ಎಷ್ಟು ಹಳೇ ಮಾತು!” ಎಂದು ರಂಗರಾಜು ತಲೆದೂಗಿದ.

ಗೋಡೆ ಉದ್ಘಾಟನೆಗೆ ಮಾದೇಶ ಹನೂರಿನ ಮೇಲಿನ ತನ್ನ ಪೋಡಿಗೆ ಹೋದ. ಹೆಗಲಿಗೆ ಶಾಲು ಬಿತ್ತು. ಮಧುವನಹಳ್ಳಿಯಿಂದ ಬರುವ ಟೀಚರ್ ಆಶಾರಾಣಿ ಕೋಲಿನಿಂದ ಚಿತ್ರ ಮುಟ್ಟಿದಂತೆಲ್ಲ ಮಕ್ಕಳು ಒಕ್ಕೊರಲಿನಿಂದ ಕೂಗಿದವು. ಕೋಲು ಕಾಡುಪಾಪವನ್ನು ಮುಟ್ಟಿತು. “ಮಿಟ್ಟಗಣ್ಣೆ!”

ಮುಂದೆ ಕೂತಿದ್ದ ದೊಡ್ಡವ್ವ ಚಿಕ್ಕಬಸಮ್ಮ ಹುಬ್ಬು ಗಂಟಿಕ್ಕಿ, ಬೇರೊಂದು ಹೆಸರು ಹೇಳಿದಳು. ಮೆಲ್ಲಗೆ, ಒಂದೇ ಸಲ.

ಆ ಹೆಸರು ಮಾದೇಶನಿಗೆ ಗೊತ್ತಿತ್ತು; ಕೇಳಿದ ಮೇಲೆ ನೆನಪಾಯಿತು. ಅವ್ವ ಸೊಂಟದ ಮೇಲೆ ಕೂರಿಸಿಕೊಂಡು, ಮರದತ್ತ ಬೆರಳು ಮಾಡಿ, ಅದನ್ನೇ ಹೇಳುತ್ತಿದ್ದಳು.

“ಅಂಗಲ್ಲ ಕಣಜ್ಜೀ!” ಮಕ್ಕಳ ನಡುವೆ ಕೂತಿದ್ದ ಅವಳ ಮೊಮ್ಮಗಳು ನಕ್ಕಳು. “ಮಿಟ್ಟಗಣ್ಣೆ!”

“ಗೋಡೆ ಮ್ಯಾಲೇ ಬರ್ದೈತಲ್ಲವ್ವಾ,” ಎಂದಳು ಆಶಾರಾಣಿ. “ನಿಮ್ಮ ಮಾದೇಶಣ್ಣನೇ ಯೋಳಿರದು.”

ದೊಡ್ಡವ್ವ ತಿರುಗಿ ನೋಡಿದಳು. ಈಗ ಬೈಯುತ್ತಾಳೆ, ಬೈಯಲಿ ಎಂದು ಮಾದೇಶ ಮನಸ್ಸಿನಲ್ಲೇ ಬೇಡಿಕೊಂಡ. ಅವಳು ನಾಚಿಕೊಂಡಳು.

“ನನ್ಗೇ ಮರ್ತೋಗದೆ ಕಣ್ಲಾ ಮಗಾ. ಕಾಡ್ ಬುಟ್ಟು ಈಚೀಗ್ ಬಂದ್ಮ್ಯಾಲೆ ಮಾತೆಲ್ಲ ಕಲಸೋಗವೆ. ನೀನು ಓದ್ದವ್ನು, ಸರ್ಯಾಗ್ ಮಡೀಕಂಡಿದ್ದೀಯ.”

“ಅಂಗೇನಿಲ್ಲ ದೊಡ್ಡವ್ವಾ, ನೀ ಯೋಳಿದ್ದೂ…”

“ಸುಮ್ಕಿರ್ಲಾ, ನನ್ ಮಾನ ಉಳ್ಸಕೆ ಸುಳ್ ಯೋಳ್ಬ್ಯಾಡ.”

ಎಲ್ಲರೂ ನಕ್ಕರು. ರಂಗರಾಜು ಫೋಟೋ ತೆಗೆಯಲು ಮುಂದೆ ಬಂದ. ಹೇಳುವುದಿದ್ದರೆ ಇದೇ ಹೊತ್ತು. ಒಂದು ಡಬ್ಬಿ ಸುಣ್ಣದಲ್ಲಿ ಎಲ್ಲ ಅಳಿಸಿಹೋಗುತ್ತಿತ್ತು. ಮಾದೇಶ ಶಾಲು ಸರಿಮಾಡಿಕೊಂಡ.

“ಇನ್ನೊಂದ್ಸಲ ಯೋಳ್ಲಾ,” ಎಂದಳು ದೊಡ್ಡವ್ವ. “ಈ ಮಗೀನ್ ಮುಂದೆ ಮತ್ತೆ ತಪ್ಪಾಗ್ಬಾರ್ದು.”

ಹೇಳಿದ.

“ಮಿಟಗಣ್ಣೆ,” ಎಂದಳು ಅವಳು, ತುಟಿಗೆ ಹೊಸದಾದ ಪದವನ್ನು ಜೋಪಾನವಾಗಿ ಹಿಡಿದು.

“ಮಿಟ್ಟ, ದೊಡ್ಡವ್ವಾ,” ಎಂದ ಮಾದೇಶ. “ಒಸಿ ಒತ್ತಿ ಯೋಳ್ಬೇಕು.”