ಎರಡನೇ ಸಾಲಿನ ಮುಖ

"ಹಾಗಲ್ಲ. ನೀವ್ಯಾರೂ ಕೆಟ್ಟವರಲ್ಲ. ಖುಷಿಯಾಗಿದೀರಿ," ಎಂದು ಝೋಬೆಲ್ ಮತ್ತೆ ಹೇಳಿದ.

ಚೌಕದಲ್ಲಿ ಧಾರಾವಾಹಿಯ ಚಿತ್ರೀಕರಣಕ್ಕೆಂದು ಹಳೇ ಕಾಲದ ಕೋಟು ಟೋಪಿ ಹಾಕಿಕೊಂಡು ನಿಂತಿದ್ದ ಊರಿನ ಜನ ಮುಖ ಗಂಟುಹಾಕಿಕೊಂಡೇ ಕೇಳಿಸಿಕೊಂಡರು. ಬೆಳಗಿನಿಂದ ಇದೇ ಆಗಿತ್ತು. ಟಿವಿಯಲ್ಲಿ ನೋಡಿ ನೋಡಿ ನಾಜಿ ಎಂದರೆ ಹೇಗಿರಬೇಕೆಂಬುದು ಅವರಿಗೆ ಬಾಯಿಪಾಠವಾಗಿತ್ತು. ತುಟಿ ಬಿಗಿದಿರಬೇಕು, ಕಣ್ಣು ಕಿರಿದಾಗಿರಬೇಕು. ಔಷಧಿ ಅಂಗಡಿಯ ಕುಬಾಶ್ ಅಂತೂ ಪಕ್ಕದವನನ್ನು ಈಗಲೇ ಹಿಡಿದುಕೊಡುವವನಂತೆ ನಿಂತಿದ್ದ.

"ಖುಷಿ ಯಾಕೆ?" ಎಂದ ಕುಬಾಶ್. "ಮುಂದೇನಾಗತ್ತೆ ಅಂತ ನಮ್ಗೆ ಗೊತ್ತಲ್ಲ."

"ನಿಮಗೆ ಗೊತ್ತು. ಅವರಿಗೆ ಗೊತ್ತಿರ್ಲಿಲ್ಲ. ಇದು ಮೂವತ್ಮೂರನೇ ಇಸವಿ, ನಾಜಿಗಳು ಈಗಷ್ಟೇ ಅಧಿಕಾರಕ್ಕೆ ಬಂದಿದಾರೆ."

"ಗೊತ್ತಿರ್ಲಿಲ್ಲ ಅಂತ ನಮ್ಮಜ್ಜಿನೂ ಹೇಳ್ತಿದ್ಲು."

ಕೆಲವರು ನಕ್ಕರು. ಝೋಬೆಲ್ ನಗಲಿಲ್ಲ. ಅವನು ಇತಿಹಾಸದ ಪ್ರಾಧ್ಯಾಪಕ, ಲೈಪ್ಸಿಗ್‌ನಿಂದ ಬಂದವನು, ಈ ಧಾರಾವಾಹಿಗೆ ಸಲಹೆಗಾರ. ಸಾಮಾನ್ಯ ಜನ ನಾಜಿಗಳಿಗೆ ಹೇಗೆ ಮನಸೋತರು ಎಂಬುದರ ಮೇಲೆ ದಪ್ಪ ಪುಸ್ತಕ ಬರೆದಿದ್ದ. ಅದರ ಕೊನೆಯ ಅಧ್ಯಾಯದಲ್ಲಿ ಸಿನಿಮಾದವರನ್ನೂ ಟಿವಿಯವರನ್ನೂ ಚೆನ್ನಾಗಿ ಝಾಡಿಸಿದ್ದ. ಇವರು ರಾಕ್ಷಸರನ್ನು ತೋರಿಸುತ್ತಾರೆ, ಇಲ್ಲವೇ ಮೋಸಹೋದ ಪಾಪದವರನ್ನು ತೋರಿಸುತ್ತಾರೆ. ಅಲ್ಲಿ ನಿಂತವನಿಗೆ ಸಿಕ್ಕ ಸುಖವನ್ನು ಮಾತ್ರ ತೋರಿಸುವ ಧೈರ್ಯವಿಲ್ಲ ಎಂದು. ಅದನ್ನು ಓದಿಯೇ ನಿರ್ದೇಶಕಿ ಕಾರೋಲಾ ಪ್ರೀಸ್ ಅವನನ್ನು ಕರೆಸಿದ್ದಳು. ಪುಸ್ತಕದುದ್ದಕ್ಕೂ ಝೋಬೆಲ್ 'ನಾವು' ಎಂಬ ಮಾತನ್ನು ಧಾರಾಳವಾಗಿ ಬಳಸಿದ್ದ. ಆ ನಾವು ಎಂಬುದರಲ್ಲಿ ತಾನು ಸೇರಿಲ್ಲವೆಂಬುದು ಅವನಿಗೆ ಗೊತ್ತಿತ್ತು.

ಅವನ ಮಗಳು ಮರೈಕೆಗೂ ಗೊತ್ತಿತ್ತು. ಶಾಲೆಯಲ್ಲಿದ್ದಾಗ ಒಮ್ಮೆ ಗೆಳತಿಯರ ಎದುರು ಹೇಳಿದ್ದಳು, ನಮ್ಮಪ್ಪ ಆ ಕಾಲದಲ್ಲಿ ಇದ್ದಿದ್ರೆ ನಾಜಿಗಳಿಗೆ ಆಗಲ್ಲ ಅಂದಿರೋರು ಅಂತ. ಹೆಂಡತಿ ಬಿಟ್ಟುಹೋದ ಮೇಲೆ, ಮಗಳು ಹಾಂಬುರ್ಗ್ ಸೇರಿ ಫೋನು ಅಪರೂಪವಾದ ಮೇಲೆ, ಝೋಬೆಲ್ ತನ್ನದೆಂದು ಇಟ್ಟುಕೊಂಡಿದ್ದು ಆ ಮಾತೊಂದೇ.

ಬಾಲ್ಕನಿಯಿಂದ ಭಾಷಣ ಮಾಡಬೇಕಾದ ನಟ ನಾಳೆ ಬರುವವನಿದ್ದ. ಅವನ ಬದಲಿಗೆ ಸಹಾಯಕ ನಿರ್ದೇಶಕ ತೋರ್ಬೆನ್ ಮೈಕು ಹಿಡಿದು ನಿಂತಿದ್ದ. "ಕೈ" ಎಂದು ಕೂಗಿದ. ಜನ ಕೈ ಎತ್ತಿದರು. ಅರ್ಧಕ್ಕರ್ಧ ಜನ ತೋರುಬೆರಳನ್ನು ಮಾತ್ರ ನೆಟ್ಟಗೆ ಮಾಡಿ ಎತ್ತಿದ್ದರು, ತರಗತಿಯಲ್ಲಿ ಉತ್ತರ ಹೇಳುವುದಕ್ಕೆ ಎತ್ತುವ ಹಾಗೆ. ನಾಜಿ ಸಲಾಮಿನ ಹಾಗೆ ಅಂಗೈ ಚಾಚಬಾರದೆಂದು ಒಂದನೇ ತರಗತಿಯಿಂದ ಕಲಿತ ಕೈಗಳು ಅವು. ಉಳಿದವರು ಎತ್ತಿದ ಕೈಯನ್ನು ಅಕ್ಕಪಕ್ಕ ನೋಡಿ ಇಳಿಸಿದರು.

"ಬೆರಳಲ್ಲಪ್ಪ, ಕೈ," ಎಂದು ತೋರ್ಬೆನ್ ಮೈಕಿನಲ್ಲಿ ನರಳಿದ.

ಅಷ್ಟರಲ್ಲಿ ಎರಡನೇ ಸಾಲಿನ ಒಬ್ಬ ಕೋಟು ಟೋಪಿ ಕಳಚಿಟ್ಟು ಹೊರಟೇಹೋದ. ಇದರಲ್ಲಿ ಮುಖ ತೋರಿಸಿದರೆ ಮನೆಗೆ ಬರಬೇಡ ಎಂದು ಹೆಂಡತಿ ಫೋನು ಮಾಡಿದ್ದಳಂತೆ. ಕಾರೋಲಾ ಖಾಲಿ ಜಾಗ ನೋಡಿದಳು, ಆಮೇಲೆ ಝೋಬೆಲ್‌ನನ್ನು ನೋಡಿದಳು.

"ಡಾಕ್ಟ್ರೇ, ನೀವೇ ನಿಂತ್ಕೊಳ್ಳಿ. ಹೇಗೆ ಅಂತ ತೋರ್ಸಿಕೊಡಿ."

"ನಾನು ನಟ ಅಲ್ಲ."

"ಅವ್ರೂ ಅಲ್ಲ."

ಹೋದವನ ಉಣ್ಣೆ ಕೋಟನ್ನು ಅವನಿಗೆ ತೊಡಿಸಿದರು. ಒಳಗೆ ಇನ್ನೂ ಬಿಸಿಯಿತ್ತು. ಪಕ್ಕದಲ್ಲಿದ್ದ ಹೆಂಗಸು ರಮೋನಾ, ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆದುಕೊಡುವವಳು, ಅವನ ತೋಳಿಗೆ ತನ್ನ ತೋಳು ಸೇರಿಸಿದಳು.

"ಹತ್ರ ಬನ್ನಿ, ಥಂಡಿ. ನಾನೇನು ಕಚ್ಚಲ್ಲ."

"ಪಾತ್ರದಲ್ಲಿ ಹಾಗೆ ಇದೆಯಾ?"

"ಪಾತ್ರ ಯಾವುದ್ರೀ. ಕಾಲು ಮರಗಟ್ಟಿದೆ ನಂಗೆ."

ಕ್ಯಾಮೆರಾ ಶುರುವಾಯಿತು. ತೋರ್ಬೆನ್ ಸ್ವಲ್ಪ ಹೊತ್ತು ಯೋಚಿಸಿ, ಭಾಷಣದವನ ಗತ್ತಿನಲ್ಲಿ ಊಟದ ವಿಷಯ ಹೇಳತೊಡಗಿದ.

"ಇವತ್ತು ಮಧ್ಯಾಹ್ನ ಬಟಾಣಿ ಸೂಪು ಇದೆ."

ಚೌಕದಲ್ಲಿ ಸಣ್ಣ ನಗೆ ಎದ್ದಿತು.

"ಸೂಪಿನಲ್ಲಿ ಸಾಸೇಜು ಇದೆ. ಎಲ್ಲರಿಗೂ ಇದೆ. ಮುಂದಿನ ಸಾಲಿಗಷ್ಟೇ ಅಲ್ಲ, ಹಿಂದಿನ ಸಾಲಿಗೂ ಇದೆ."

ನಗೆ ದೊಡ್ಡದಾಯಿತು. ಯಾರೋ ಹೋ ಎಂದರು. ಚಳಿಯಲ್ಲಿ ನಿಂತು ನಿಂತು ಬೇಸತ್ತವರಿಗೆ ಕೂಗುವುದೇ ಒಂದು ಬಿಡುಗಡೆಯಾಗಿತ್ತು. ತೋರ್ಬೆನ್ ಬ್ರೆಡ್ಡಿನ ಹೆಸರು ಹೇಳಿದ, ಕೂಗಿದರು. ಸಾಸಿವೆಯ ಹೆಸರು ಹೇಳಿದ, ಇನ್ನೂ ಜೋರಾಗಿ ಕೂಗಿದರು. ಹಿಂದಿನವರು ಮುಂದಕ್ಕೆ ಒತ್ತಿದರು. ರಮೋನಾಳ ಭುಜ ಝೋಬೆಲ್‌ನ ಭುಜಕ್ಕೆ ಅಂಟಿತು, ಕುಬಾಶ್ ಅವನ ಬೆನ್ನಿಗೆ ಕೈಯಿಟ್ಟು ನಿಂತ. ಎಷ್ಟು ದಿನವಾಗಿತ್ತು ಯಾರಾದರೂ ತನ್ನನ್ನು ಮುಟ್ಟಿ ಎಂದು ಝೋಬೆಲ್‌ಗೆ ನೆನಪಾಗಲಿಲ್ಲ. ಕೈಗಳು ಎದ್ದವು. ಈ ಸಲ ಬೆರಳುಗಳಿರಲಿಲ್ಲ. ಅವನ ಕೈಯೂ ಎದ್ದಿತ್ತು. ಹಗುರವಾಗಿತ್ತು, ಯಾರೋ ಕೆಳಗಿನಿಂದ ಆನಿಸಿ ಹಿಡಿದಂತೆ. ಗಂಟಲಿನಿಂದ ಏನೋ ಕೂಗು ಹೊರಟಿತು, ಅದು ತನ್ನದೇ ಎಂದು ತಡವಾಗಿ ತಿಳಿಯಿತು.

"ಕಟ್," ಎಂದಳು ಕಾರೋಲಾ. ಎಲ್ಲರೂ ಕೈ ಇಳಿಸಿ, ನಾಚಿಕೊಂಡವರ ಹಾಗೆ ನಕ್ಕರು.

ಊಟಕ್ಕೆ ಅವನು ತಂತ್ರಜ್ಞರ ಮೇಜಿಗೆ ಹೋಗಲಿಲ್ಲ. ಊರಿನವರ ಬೆಂಚಿನಲ್ಲೇ ಕುಳಿತ.

"ಪ್ರೊಫೆಸರಿಗೆ ಇನ್ನೊಂದು ಸೌಟು ಹಾಕಿ," ಎಂದ ಕುಬಾಶ್. "ಸಾಸಿವೆ ಅಂದಾಗ ಹೇಗೆ ಕೂಗಿದ್ರು ನೋಡಿ. ಜೀವನದಲ್ಲಿ ಸಾಸಿವೆನೇ ಕಂಡಿಲ್ವೇನೋ."

"ಸುಮ್ನಿರಿ, ಪಾಪ," ಎಂದಳು ರಮೋನಾ. ಅವನ ಕಡೆಗೆ ಬ್ರೆಡ್ಡು ತಳ್ಳಿದಳು.

ಝೋಬೆಲ್‌ಗೆ ಸುಖವಾಗಿತ್ತು. ಅದನ್ನು ಒಪ್ಪಿಕೊಳ್ಳುವುದಕ್ಕೆ ಮೊದಲೇ ಕಾರೋಲಾ ಅವನನ್ನು ಕರೆಸಿದಳು.

ಡೇರೆಯೊಳಗಿನ ಮಾನಿಟರ್ ಪರದೆಯಲ್ಲಿ ಒಂದು ಮುಖ ನಿಂತಿತ್ತು. ಗಂಟಿಲ್ಲದ ಹಣೆ, ತೆರೆದ ಬಾಯಿ, ಒದ್ದೆ ಕಣ್ಣು. ಮದುವೆಯ ಫೋಟೋದಲ್ಲೂ ಅವನ ಮುಖ ಹೀಗಿರಲಿಲ್ಲ.

"ನಂಗೆ ಬೇಕಾಗಿದ್ದು ಇದು," ಎಂದಳು ಕಾರೋಲಾ. "ಮೊದಲ ಕಂತು ಇದ್ರಿಂದಾನೇ ಶುರು ಮಾಡ್ತೀನಿ. ಏನು ಯೋಚಿಸ್ತಿದ್ರಿ ಆಗ?"

"ಏನಿಲ್ಲ."

"ನಟಿಸಿದ್ರಾ?"

"ಹೌದು."

ಅವಳು ಅವನನ್ನೇ ನೋಡಿದಳು. ಝೋಬೆಲ್ ಪರದೆಯ ಅಂಚನ್ನು ನೋಡಿದ. ಮರೈಕೆ ಒಂದು ಸಂಜೆ ತನ್ನ ಕೋಣೆಯಲ್ಲಿ ಟಿವಿ ಹಾಕುತ್ತಾಳೆ, ಧಾರಾವಾಹಿಯ ಹೆಸರು ಬೀಳುವ ಮುಂಚೆ ಈ ಬಾಯಿ ತೆರೆದುಕೊಳ್ಳುತ್ತದೆ. ನಟನೆ ಎಂದರೆ ನಂಬುವವಳಲ್ಲ ಅವಳು. ಅಪ್ಪನಿಗೆ ನಟಿಸಲು ಬರುವುದಿಲ್ಲವೆಂದು ಅವಳಿಗೆ ಬೇರೆ ಕಾರಣಗಳಿಂದ ತಿಳಿದಿತ್ತು.

"ಇದನ್ನು ತೆಗೆದುಬಿಡಿ."

"ನೀವೇ ಬರ್ದಿದೀರಲ್ಲ, ಇದನ್ನ ತೋರ್ಸೋ ಧೈರ್ಯ ಯಾರಿಗೂ ಇಲ್ಲ ಅಂತ."

"ತೋರಿಸಿ. ಬೇರೆಯವರದು ತೋರಿಸಿ."

"ಎಲ್ರೂ ಬೇರೆಯವ್ರದನ್ನೇ ತೋರ್ಸ್ತಾ ಇರೋದು, ಡಾಕ್ಟ್ರೇ."

ಅವಳು ವಾದಿಸಲಿ, ಕರಾರು ಪತ್ರ ತೋರಿಸಲಿ, ಬಲವಂತ ಮಾಡಲಿ ಎಂದು ಅವನು ಕಾಯುತ್ತಿದ್ದ. ಬಲವಂತ ಮಾಡಿದ್ದರೆ ಆಗಲ್ಲ ಎನ್ನಬಹುದಿತ್ತು. ಆಮೇಲೆ, ಯಾರಿಗೆ ಗೊತ್ತು, ಸೋಲಲೂಬಹುದಿತ್ತು.

"ಸರಿ ಬಿಡಿ," ಎಂದಳು ಕಾರೋಲಾ, ಹಲ್ಲುಕಡ್ಡಿ ಹುಡುಕುತ್ತ. "ಬೆಳಕಿದೆ. ಇನ್ನೊಂದ್ಸಲ ತೆಗೀತೀವಿ. ಕೋಟು ಅಲ್ಲಿ ಕೊಟ್ಟುಬಿಡಿ."

ಅಷ್ಟೇ ಆಗಿಹೋಯಿತು. ಮಗಳ ಮಾತು ಉಳಿಯಿತು. ಝೋಬೆಲ್ ಕೋಟು ಕಳಚಿಕೊಟ್ಟು, ತನ್ನ ತೆಳು ಜಾಕೀಟು ಹಾಕಿಕೊಂಡು ಹಗ್ಗದ ಆಚೆ ಹೋಗಿ ನಿಂತ. ಗಡಿಯಾಚೆಯ ಪೋಲೆಂಡಿನಿಂದ ನೋಡಲು ಬಂದಿದ್ದ ಇಬ್ಬರು ಹೆಂಗಸರು ಅವನಿಗೆ ಜಾಗ ಬಿಟ್ಟು ಆಚೆ ಸರಿದರು.

ಎರಡನೇ ಸಾಲಿನಲ್ಲಿ ನಿಲ್ಲಲು ಬೇರೆ ಯಾರೂ ಸಿಗಲಿಲ್ಲ. ಹಿಂದಿನ ಸಾಲುಗಳನ್ನು ತುಂಬಲು ತಂದಿದ್ದ ಗಾಳಿಬೊಂಬೆಗಳಲ್ಲಿ ಒಂದನ್ನು ಎತ್ತಿಕೊಂಡು ಬಂದು ಅಲ್ಲಿ ನಿಲ್ಲಿಸಿದರು. ಅದಕ್ಕೆ ಆ ಉಣ್ಣೆ ಕೋಟು ತೊಡಿಸಿದರು. ತಾನಾಗಿ ಕೈ ಎತ್ತಲಾರದ್ದರಿಂದ ಬಲತೋಳಿನೊಳಗೆ ತಂತಿ ತೂರಿಸಿ, ಮೊದಲೇ ಎತ್ತಿ ಬಿಗಿದರು.

"ಇವನು ವಾಸಿ ಕಣ್ರೀ," ಎಂದ ಕುಬಾಶ್. "ಪುಸ್ತಕ ಬರಿಯಲ್ಲ."

ಜನ ನಕ್ಕರು. ರಮೋನಾ ನಕ್ಕು, ಬೊಂಬೆಯ ಟೋಪಿ ಸರಿಮಾಡಿದಳು, ಅದರ ಇಳಿಬಿದ್ದ ಇನ್ನೊಂದು ತೋಳಿಗೆ ತನ್ನ ತೋಳು ಸೇರಿಸಿ ಒತ್ತಿಕೊಂಡು ನಿಂತಳು. ಬಾಲ್ಕನಿಯಿಂದ ತೋರ್ಬೆನ್, ಮನೆಗೆ ಬಿಡುವ ಬಸ್ಸು ಎಲ್ಲಿ ನಿಲ್ಲುತ್ತದೆಂದು ಘೋಷಿಸಿದ. ಚೌಕಕ್ಕೆ ಚೌಕವೇ ಕೂಗಿತು.

ಝೋಬೆಲ್‌ಗೆ ಹೊಟ್ಟೆ ಉರಿಯಿತು. ಬೊಂಬೆಯ ಮೇಲೆ, ಬೇರೆ ಯಾರ ಮೇಲೂ ಅಲ್ಲ.

ಕಟ್ ಎಂದ ಕೂಡಲೇ ಎಲ್ಲರ ಕೈ ಇಳಿಯಿತು. ಜನ ಬಸ್ಸಿನ ಕಡೆ ಹೊರಟರು, ರಮೋನಾ ಕೊರಳಪಟ್ಟಿ ಬಿಗಿದುಕೊಳ್ಳುತ್ತ ತಿರುಗಿ ನೋಡದೆ ಹೋದಳು. ಖಾಲಿಯಾದ ಸಾಲಿನಲ್ಲಿ ಬೊಂಬೆಯೊಂದೇ ಕೈ ಎತ್ತಿ ನಿಂತಿತ್ತು, ಗಾಳಿ ಸ್ವಲ್ಪ ಸ್ವಲ್ಪವಾಗಿ ಸೋರಿ ಮೊಣಕಾಲು ಬಾಗುತ್ತಿತ್ತು. ಝೋಬೆಲ್ ಹಗ್ಗ ದಾಟಿ ಹೋಗಿ ಅದರ ಪಕ್ಕದಲ್ಲಿ ನಿಂತ. ಬೀಳದ ಹಾಗೆ ಅದರ ಬೆನ್ನಿಗೆ ಕೈಯಿಟ್ಟ. ಕೋಟು ತಣ್ಣಗಿತ್ತು.