ದಂಡೋಬಾ ಏರಿದ ಟಾಯರು

ಮಿರಜಿನ ಸ್ಟೇಶನ್ ರಸ್ತೆಯ ಸಿದ್ರಾಮಪ್ಪ ಟಾಯರಿಗೆ ಎಷ್ಟು ಹೆಸರಾದವನೋ ಮಾತಿಗೂ ಅಷ್ಟೇ ಹೆಸರಾದವನು. ಅವನ ದುಕಾನಿಗೆ ಬಂದ ಗಿರಾಕಿ ತನಗೇನು ಬೇಕೆಂದು ಹೇಳುವ ಮೊದಲೇ ಈತ ಕುರ್ಚಿ ಬಿಟ್ಟೆದ್ದು ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಹಳೆಯ ಟಾಯರಿನ ಮೈಮೇಲೆ ಹೆಬ್ಬೆಟ್ಟು ಎಳೆಯುತ್ತಿದ್ದ. ವೈದ್ಯರು ನಾಡಿ ಹಿಡಿದ ಹಾಗೆ. "ನೀವು ಮಾಲಗಾಂವ ಕಡೀಂದ ಬಂದೀರಿ. ಎಡಗಡೆ ತ್ವಾಟದ ದಾರಿ ಐತಿ, ಒಡ್ಡಿನ ಕಲ್ಲಿಗೆ ತಿಕ್ಕತೈತಿ, ಹೌದಲ್ಲ?" ಎನ್ನುವನು. ಗಿರಾಕಿ ಬೆರಗಾಗಿ ಹೌದೆನ್ನುವನು. ಆಮೇಲೆ ಒಂದೇ ಪ್ರಶ್ನೆ: "ವಾರದಾಗ ಮಣ್ಣು ಎಷ್ಟು ದಿವಸ, ಡಾಂಬರ ಎಷ್ಟು ದಿವಸ?" ಉತ್ತರ ಕೇಳಿ ಟಾಯರು ಆರಿಸುವವನು ಅವನೇ, ಗಿರಾಕಿಯಲ್ಲ. ನಲವತ್ತು ವರ್ಷದಲ್ಲಿ ಆ ಹೆಬ್ಬೆಟ್ಟು ಸುಳ್ಳು ಹೇಳಿರಲಿಲ್ಲ.

ಅವನ ಮಗಳು ಪ್ರಾಜಕ್ತಾಳನ್ನು ಮಾಧವನಗರದ ನೂಲಿನ ವ್ಯಾಪಾರದ ಮನೆಗೆ ಕೊಟ್ಟು ಎರಡು ವರ್ಷವಾಗಿತ್ತು. ಅಳಿಯ ಹರ್ಷದ ಒಂದು ಫೋರ್ ಬೈ ಫೋರ್ ಜೀಪು ಇಟ್ಟಿದ್ದ. ಸೋಮವಾರದಿಂದ ಶನಿವಾರದ ತನಕ ಅದನ್ನು ಪ್ರಾಜಕ್ತಾ ಓಡಿಸುವಳು, ಸಾಂಗಲಿಯ ಶಾಲೆಯಲ್ಲಿ ಅವಳ ನೌಕರಿ. ಐತವಾರ ಮಾತ್ರ ಜೀಪು ಹರ್ಷದನದು. ದಂಡೋಬಾ ಗುಡ್ಡ ಏರಲು ಹೋಗುತ್ತೇನೆಂದು ಹೇಳಿ ಹೊರಡುತ್ತಿದ್ದ. ಚಕ್ರದಿಂದ ಟಪ್ಪಿನ ತನಕ ಕೆಸರು ಮೆತ್ತಿದ ಜೀಪು, ಅದರ ಬಾನೆಟ್ಟಿನ ಮೇಲೆ ಕಾಲಿಟ್ಟ ಹರ್ಷದ: ಇಂಥ ಫೋಟೊ ಪ್ರತಿ ಐತವಾರ ಸಂಜೆ ನೆಂಟರೆಲ್ಲರ ಮೊಬೈಲಿಗೆ ಬರುತ್ತಿತ್ತು.

ಆ ಬೇಸಿಗೆ ಮುಗಿಯುವಾಗ ಅಧಿಕ ಮಾಸ ಬಂತು. ಮೂರು ವರ್ಷಕ್ಕೊಮ್ಮೆ ಬರುವ ಈ ತಿಂಗಳಲ್ಲಿ ಅಳಿಯನನ್ನು ಕರೆದು ಕಾಲು ತೊಳೆದು, ಹೂರಣದ ಧೋಂಡೆ ಉಣಿಸಿ, ಮೂವತ್ತಮೂರು ಅನಾರಸೆ, ಅಂದರೆ ಅಕ್ಕಿಯ ಕಜ್ಜಾಯ, ಕೊಡುವುದು ಆ ಕಡೆಯ ರೂಢಿ. ಕನ್ನಡ ಮಾತಾಡುವ ಲಿಂಗಾಯತರ ಮನೆಗಳಿಗೂ ಅದು ಯಾವಾಗಲೋ ಒಳಗೆ ಬಂದು ಕೂತುಬಿಟ್ಟಿದೆ. ಮದುವೆಯಾದ ಮೇಲೆ ಬಂದ ಮೊದಲ ಅಧಿಕ ಮಾಸ ಇದು. ಸಿದ್ರಾಮಪ್ಪನ ಹೆಂಡತಿ ಸುನಂದಾಬಾಯಿ ನಾಲ್ಕು ದಿನ ಮೊದಲೇ ಅಕ್ಕಿ ನೆನೆಹಾಕಿದ್ದಳು. ಅರಿಸಿನದ ವ್ಯಾಪಾರಿ ಗುರಲಿಂಗ, ಅಕ್ಕಪಕ್ಕದವರು, ಒಟ್ಟು ಇಪ್ಪತ್ತು ಎಲೆ.

ಸಿದ್ರಾಮಪ್ಪ ತಾಮ್ರದ ತಾಟಿನಲ್ಲಿ ಅಳಿಯನ ಕಾಲು ತೊಳೆದು, ಬೆಳ್ಳಿಯ ದೀಪ ಕೊಟ್ಟು ಸುಮ್ಮನಿರಬಹುದಿತ್ತು.

"ಜಾವಯಿಬಾಪು, ದೀಪ ಎಲ್ಲಾರೂ ಕೊಡ್ತಾರ. ನಮ್ಮ ದುಕಾನದ್ದ ಏನರ ಕೇಳ್ರಿ," ಎಂದ.

ಹರ್ಷದನ ಕನ್ನಡ ಅಷ್ಟಕ್ಕಷ್ಟೇ. ಮನೆಯಲ್ಲಿ ಮರಾಠಿಯೇ ನಡೆಯುತ್ತಿತ್ತು. ಮಾವನ ಮನೆಯಲ್ಲಿ ಮಾತ್ರ ಒಂದೊಂದೇ ಮಾತು ಆರಿಸಿ ಆಡುತ್ತಿದ್ದ. "ಹಂಗಾದ್ರ ಮಡ್ ಟಾಯರ್ ಕೊಡ್ರಿ ಮಾಮಾ. ದಪ್ಪ ಹಲ್ಲಿನವು. ಐದೂ."

ಊಟವಾಗಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಎಲ್ಲರೂ ಅಂಗಳದ ಜೀಪಿನ ಸುತ್ತ ನಿಂತರು. ಸಿದ್ರಾಮಪ್ಪ ಕುಕ್ಕರುಗಾಲಲ್ಲಿ ಕೂತ.

"ನೋಡ್ರಿ, ವಾರದಾಗ ಆರ ದಿವಸ ಇದು ಡಾಂಬರದ ಮ್ಯಾಲ ಓಡೂದು. ಓಡಸಾಕಿ ನನ್ನ ಮಗಳು. ಮಳಿ ಬಾಗಲಿಗೆ ಬಂದೈತಿ. ದಪ್ಪ ಹಲ್ಲಿನ ಟಾಯರ್ ಮಣ್ಣ ಹಿಡೀತೈತಿ, ಹಸಿ ಡಾಂಬರ ಹಿಡಿಯಂಗಿಲ್ಲ. ಬ್ರೇಕ್ ಒತ್ತಿದ್ರ ನಾಕ ಮಾರ ಮುಂದ ಹೋಗಿ ನಿಂದರತೈತಿ. ಮ್ಯಾಲೆ ಗುಂಯ್ ಅಂತ ಒಂದ ಆವಾಜ. ಗುಡ್ಡಕ್ಕೂ ರಸ್ತೇಕೂ ಎರಡಕ್ಕೂ ಆಗೂ ನಡುವಿನ ಟಾಯರ್ ಅದಾವು. ಹಲ್ಲ ಸಣ್ಣವು, ಒತ್ತೊತ್ತಿಗೆ ಇರ್ತಾವು. ಅವನ್ನ ಹಾಕಿ ಕೊಡ್ತೇನಿ."

ಹರ್ಷದ ನಕ್ಕ. "ನಡುವಿನವು ಹೆಂಗಸರಿಗೆ ಮಾಮಾ. ದಂಡೋಬಾದ ಏರ ನಿಮಗೇನ ಗೊತ್ತು? ದುಕಾನದಾಗ ಕುಂತ ಮಾರೂದ ಬ್ಯಾರೆ, ಏರೂದ ಬ್ಯಾರೆ. ಕೊಡಾಕ ಮನಸಿಲ್ಲ ಅಂದ್ರ ಹಂಗ ಹೇಳ್ರಿ."

ಸಿದ್ರಾಮಪ್ಪನಿಗೆ ಚುಚ್ಚಿತು. ಅಷ್ಟರಲ್ಲಿ ಅವನ ಹೆಬ್ಬೆಟ್ಟು ತನ್ನ ಪಾಡಿಗೆ ತಾನು ಟಾಯರಿನ ಪಕ್ಕೆಯ ಮೇಲೆ ಹರಿದಾಡುತ್ತಿತ್ತು. ಒಂದು ಗಾಲಿ ನೋಡಿದ, ಎದ್ದು ಇನ್ನೊಂದು ನೋಡಿದ. ಮುಖದಲ್ಲಿ ನಗು ಬಂತು. ನಗು ಬಂದರೆ ಅವನ ಬಾಯಿ ಅವನದಲ್ಲ.

"ಜಾವಯಿಬಾಪು, ಇವು ಎರಡ ವರ್ಷ ದಂಡೋಬಾ ಏರಿದ ಟಾಯರ್? ಒಂದ ಕಲ್ಲ ಬಡದ ಗುರ್ತಿಲ್ಲ. ಪಕ್ಕಿ ನೋಡ್ರಿಲ್ಲೆ, ಕೂಸಿನ ಗಲ್ಲ ಇದ್ದಂಗ ಅದಾವು. ಇವು ಮಣ್ಣ ಮೈಗೆ ಹಚಗೊಂಡಾವ ಅಷ್ಟ, ಮಣ್ಣಾಗ ಕಾಲ ಇಟ್ಟಿಲ್ಲ."

ಗುರಲಿಂಗನ ಬಾಯಿಂದ ಎಲೆ ಅಡಿಕೆ ಸಿಡಿಯಿತು. ಸಿದ್ರಾಮಪ್ಪನ ಮಗ ಶುಭಮ ಭಾವನ ಕಡೆ ತಿರುಗಿ, "ದಾಜಿ, ಹಂಗಾರ ಫೋಟೋದಾಗಿನ ಕೆಸರ ಯಾರ ಬಳದ್ರು?" ಎಂದ. ಅಂಗಳವೇ ನಕ್ಕಿತು. ಹರ್ಷದನೂ ನಕ್ಕ. ನಗದೇ ಇದ್ದವಳು ಪ್ರಾಜಕ್ತಾ ಒಬ್ಬಳೇ. ಬಾಗಿಲಲ್ಲಿ ನಿಂತು ತಂದೆಯನ್ನೇ ನೋಡುತ್ತಿದ್ದಳು.

ಹೊರಡುವಾಗ ಅವಳು ಬ್ಯಾಗು ತಂದು ಜೀಪಿನಲ್ಲಿಟ್ಟಳು. ಹರ್ಷದ ಅದನ್ನು ಮೆಲ್ಲಗೆ ಎತ್ತಿ ಕಟ್ಟೆಯ ಮೇಲಿಟ್ಟ.

"ನೀ ಇರು. ಮಾಮಾ, ಮಡ್ ಟಾಯರ್ ಬಂದ ದಿವಸ ಟಾಯರ್ ಜೋಡಿ ಇಕಿನ್ನೂ ಕಳಸ್ರಿ."

ಚೇಷ್ಟೆಯೆಂದು ಎಲ್ಲರೂ ಅಂದುಕೊಂಡರು. ಜೀಪು ಹೋಯಿತು.

ಎರಡು ದಿನ, ನಾಲ್ಕು ದಿನ, ಎಂಟು ದಿನ. ಪ್ರಾಜಕ್ತಾಳ ಫೋನು ಅವನು ಎತ್ತಲಿಲ್ಲ. ಅತ್ತೆ ಎತ್ತಿ, "ತೋ ಕಾಮಾತ ಆಹೆ," ಕೆಲಸದಲ್ಲಿದ್ದಾನೆ, ಎಂದು ಇಟ್ಟುಬಿಡುತ್ತಿದ್ದಳು. ಪ್ರಾಜಕ್ತಾ ಮಿರಜಿನಿಂದ ಸಿಟಿ ಬಸ್ಸಿನಲ್ಲಿ ಶಾಲೆಗೆ ಹೋಗಿ ಬಂದಳು. ಪಕ್ಕದ ಮನೆಯವರು, ಮಗಳಿನ್ನೂ ಇಲ್ಲೇ ಇದ್ದಾಳಲ್ಲ ಎಂದು ಸಿಹಿಯಾಗಿ ಕೇಳಿದರು.

"ಊರ ಗಾಡಿಗೆಲ್ಲ ಬ್ರೇಕ್ ನೋಡ್ತೀರಿ. ನಿಮ್ಮ ಬಾಯಿಗೆ ಎಂದ ಹಾಕಸ್ತೀರಿ?" ಎಂದಳು ಸುನಂದಾಬಾಯಿ.

"ನಾ ಏನ ಸುಳ್ಳ ಹೇಳೇನಿ?"

"ಖರೇ ಹೇಳ್ರೆಂತ ನಿಮಗ ಯಾರ ಹೇಳಿದ್ರು?"

ಹನ್ನೊಂದನೆಯ ದಿನ ಪ್ರಾಜಕ್ತಾ ದುಕಾನಿಗೇ ಬಂದಳು. ಟಾಯರುಗಳ ನಡುವಿನ ಸ್ಟೂಲಿನ ಮೇಲೆ ಕೂತು, ತಂದೆಯ ಕಡೆ ನೋಡದೆ ಹೇಳಿದಳು.

"ಮೊದಲನೇ ಸಲ ದಂಡೋಬಾಕ್ಕ ಹೋದಾಗ ನಾನೂ ಇದ್ದೆ, ಅಪ್ಪಾ. ಅರ್ಧ ಏರಿನ ಮ್ಯಾಲೆ ಜೀಪ್ ಹಿಂದಕ್ಕ ಜಾರಿತು. ಅವರು ಸ್ಟೇರಿಂಗ್ ಬಿಟ್ಟ ಅತ್ತರು. ಕೆಳಗ ಇಳಿಸಿದಾಕಿ ನಾನು. ಆಮ್ಯಾಲೆ ಐತವಾರಕ್ಕೊಮ್ಮೆ ಖಂಡೇರಾಜುರಿಗೆ ದೋಸ್ತನ ದ್ರಾಕ್ಷಿ ತ್ವಾಟಕ್ಕ ಹೋಗಿ, ಪೈಪ್ ಹಿಡದ ಕೆಸರ ಹೊಡಸ್ಕೊಂಡ ಬರ್ತಾರ. ಎರಡ ವರ್ಷ ನಾ ಬಾಯಿ ಬಿಟ್ಟಿಲ್ಲ. ಅದೊಂದ ಗೊತ್ತಿದ್ದೂ ಸುಮ್ನ ಇದ್ದೇನಂತ ಅವರು ನನ್ನ ಚಲೋ ನೋಡ್ಕೋತಿದ್ರು. ಈಗ ನಾನಾ ನಿಮಗ ಹೇಳಿ ನಗಸೇನಿ ಅಂತ ಅವರ ತಿಳದಾರ."

"ನನಗ ಒಂದ ಮಾತ ಹೇಳಬೇಕಾಗಿತ್ತವ್ವಾ."

"ನಿಮಗ ಹೇಳೂದು ಅಂದ್ರ ಮಿರಜಕ್ಕೆಲ್ಲಾ ಹೇಳಿದಂಗ."

ಅಂದೇ ಸಿದ್ರಾಮಪ್ಪ ಐದು ಮಡ್ ಟಾಯರು ತರಿಸಿ ಹೊಸ ಡಿಸ್ಕಿಗೆ ಏರಿಸಿದ. ಅಳಿಯನಿಗೆ ಫೋನು ಹಚ್ಚಿದ. ಈ ಸಲ ಹರ್ಷದ ಮೊದಲ ರಿಂಗಿಗೇ ಎತ್ತಿದ.

"ತಯಾರ ಅದಾವು ಜಾವಯಿಬಾಪು. ಗಾಡಿ ದುಕಾನಕ್ಕ ತರ್ರಿ."

"ನೀವಾ ಬರ್ರಿ ಮಾಮಾ. ಕೆಲಸಕ್ಕ ನೀವೊಬ್ಬರ, ದುಕಾನದ ಹುಡುಗರು ಬ್ಯಾಡ. ಐತವಾರ ಮುಂಜಾನೆ ಬರ್ರಿ, ಮಂದಿ ಮನ್ಯಾಗ ಇರ್ತಾರ."

ಐತವಾರ ಬಾಡಿಗೆಯ ಟೆಂಪೊದಲ್ಲಿ ಐದು ಗಾಲಿ, ಜಾಕು, ನಟ್ಟು ಬಿಚ್ಚುವ ಪಾನಾ, ಮಗಳು, ಅವಳ ಬ್ಯಾಗು. ಮಾಧವನಗರದ ಓಣಿಯಲ್ಲಿ ಜೀಪು ಹೊರಗೇ ನಿಂತಿತ್ತು. ಹರ್ಷದ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ. ಎದುರಿನ ಕಟ್ಟೆಯ ಮೇಲೆ ನೆರೆಯವರು, ದೋಸ್ತರು. ಖಂಡೇರಾಜುರಿಯ ತೋಟದವನೂ ಅವರಲ್ಲಿದ್ದ. ಟೆಂಪೊದವನು ಗಾಲಿ ಇಳಿಸಿ ಚಹಾದಂಗಡಿಗೆ ಹೋದ.

ಪ್ರಾಜಕ್ತಾ ಟೆಂಪೊದಿಂದ ಕಾಲು ಕೆಳಗಿಟ್ಟಳು.

"ಅಲ್ಲೇ ಕುಂದ್ರು. ಐದೂ ಆಗಲಿ," ಎಂದ ಹರ್ಷದ.

ಅವಳು ಕಾಲು ಒಳಗೆಳೆದುಕೊಂಡಳು.

ಅರವತ್ತನಾಲ್ಕರ ಮೊಣಕಾಲೂರಿ ಸಿದ್ರಾಮಪ್ಪ ಒಂದೊಂದೇ ಗಾಲಿ ಬಿಚ್ಚಿದ. ಜಾಕು ಎತ್ತುವಾಗ ಉಸಿರು ಸಿಕ್ಕಿಕೊಂಡಿತು. ಯಾರೂ ನೆರವಿಗೆ ಬರಲಿಲ್ಲ. ಯಾರಾದರೂ ಎದ್ದರೆ ಹರ್ಷದ ಕೈಯಿಂದಲೇ ಕೂರಿಸುತ್ತಿದ್ದ: "ಮಾಮಾ ಹುಷಾರ ಅದಾರ." ಸ್ಟೆಪ್ನಿಯ ಕೊನೆಯ ನಟ್ಟು ಬಿಗಿದಾಗ ಬಿಸಿಲು ಹೋಗಿ ಮೋಡ ಬಂದಿತ್ತು. ಅಂಗಿ ಬೆನ್ನಿಗೆ ಅಂಟಿತ್ತು. ಪಾನಾ ಕೆಳಗಿಟ್ಟ.

"ಮಾಮಾ, ಇನ್ನೊಂದ ಕೆಲಸ ಐತಿ," ಎಂದ ಹರ್ಷದ. ಬಿಚ್ಚಿದ ಹಳೆಯ ಗಾಲಿಯೊಂದನ್ನು ಕಾಲಿನಿಂದ ಅವನ ಕಡೆ ಉರುಳಿಸಿದ. "ನೀವು ಟಾಯರ್ ಓದ್ತೀರಲ್ಲ. ಇದನ್ನ ಓದಿ ಹೇಳ್ರಿ. ಆವತ್ತ ಊಟ ಭಾರ ಆಗಿತ್ತು, ಸರಿ ಕಂಡಿರಲಿಕ್ಕಿಲ್ಲ."

ಸಿದ್ರಾಮಪ್ಪ ಟೆಂಪೊದ ಕಡೆ ನೋಡಿದ. ಮಗಳು ತೊಡೆಯ ಮೇಲಿನ ಬ್ಯಾಗನ್ನು ನೋಡುತ್ತಿದ್ದಳು. ಅವನು ಮತ್ತೆ ಕುಕ್ಕರುಗಾಲಲ್ಲಿ ಕೂತು ಹೆಬ್ಬೆಟ್ಟು ಎಳೆದ. ನುಣ್ಣಗೆ, ಒಂದು ಗೀರೂ ಇಲ್ಲದೆ.

"ಕಲ್ಲ ಬಡದ ಗುರ್ತ ಅದಾವು," ಎಂದ.

"ಎಲ್ಲಿ ಕಲ್ಲ?"

"ಗುಡ್ಡದ್ದು."

"ಯಾವ ಗುಡ್ಡ ಮಾಮಾ?"

"ದಂಡೋಬಾ."

"ಎಷ್ಟ ಸಲ ಏರೈತಿ?"

"ಐತವಾರಕ್ಕೊಮ್ಮೆ."

"ಜರಾ ಜೋರಾಗಿ ಹೇಳ್ರಿ. ಆ ಕಡೆ ಕಾಕಾಗ ಕೇಳಿಸಿಲ್ಲ."

ಸಿದ್ರಾಮಪ್ಪ ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಎಲ್ಲ ಹೇಳಿದ. ಯಾರೂ ನಗಲಿಲ್ಲ. ತೋಟದವನು ಗಂಭೀರವಾಗಿ ತಲೆಯಾಡಿಸಿ, "ನಾನಾ ನೋಡೇನಲ್ಲ," ಎಂದ.

ಆಗ ಹರ್ಷದ ತಾನೇ ಹೋಗಿ ಟೆಂಪೊದ ಬಾಗಿಲು ತೆಗೆದು ಹೆಂಡತಿಯನ್ನು ಇಳಿಸಿಕೊಂಡ. ಎಲ್ಲರಿಗೂ ಕಾಣುವ ಹಾಗೆ ಜೀಪಿನ ಚಾವಿಯನ್ನು ಅವಳ ಕೈಯಲ್ಲಿಟ್ಟ.

"ನಾಳಿಂದ ಸಾಲಿಗೆ ಇದರಾಗ ಹೋಗು."

"ಜಾವಯಿಬಾಪು," ಸಿದ್ರಾಮಪ್ಪ ಗೋಡೆ ಹಿಡಿದು ಎದ್ದ. "ಮಳಿಗಾಲ ಮುಗಿಯೂ ತನಕ ಆಕಿ ಬಸ್ಸಿಗೆ ಹೋಗಲಿ. ನಿಮ್ಮ ಕಾಲ ಬೀಳ್ತೇನಿ."

"ಯಾಕ ಮಾಮಾ? ನೀವೇನ ಕೆಟ್ಟ ಮಾಲ ಕೊಡಾವ್ರ?"

ಮೊದಲ ಹನಿಗಳು ಬಿದ್ದವು. ಪ್ರಾಜಕ್ತಾ ಜೀಪು ಹತ್ತಿ ಗೇಟಿನೊಳಗೆ ಒಯ್ಯಲು ಚಾಲೂ ಮಾಡಿದಳು. ಸಿದ್ರಾಮಪ್ಪ ಕಿಟಕಿಗೆ ಬಂದು ದನಿ ತಗ್ಗಿಸಿದ. "ಮುಂದಿನ ಗಾಡಿಗೆ ದೂರ ಇರವ್ವಾ. ಬ್ರೇಕ್ ಒಮ್ಮೆಲೆ ಒತ್ತಬ್ಯಾಡ, ಮೆಲ್ಲಕ..."

"ಸಾಕ್ರಿ ಅಪ್ಪಾ," ಎಂದಳು ಮಗಳು. "ಮತ್ತ ಎಲ್ಲಾರ ಮುಂದ ಬ್ಯಾಡ." ಕಿಟಕಿಯ ಗಾಜು ಏರಿಸಿದಳು. ದಪ್ಪ ಹಲ್ಲುಗಳು ಕಾಂಕ್ರೀಟಿನ ಮೇಲೆ ಗುಂಯ್ ಎಂದವು. ಗೇಟು ಮುಚ್ಚಿತು.

ಹಳೆಯ ಐದು ಗಾಲಿ ಹೇರಿಕೊಂಡು ಟೆಂಪೊ ಮಿರಜಿನ ಕಡೆ ತಿರುಗಿತು. ಟೆಂಪೊದವನಿಗೆ ಏನೂ ಗೊತ್ತಿರಲಿಲ್ಲ.

"ಕಾಕಾ, ಏರಸೂ ಮುಂದ ನೋಡಿದೆ. ಹಳೀ ಟಾಯರ್ ಹೊಸಾವ ಇದ್ದಂಗ ಅದಾವಲ್ರಿ. ಯಾಕ ಬದಲಿ ಮಾಡಿದ್ರು?"

"ಇಲ್ಲಪಾ," ಎಂದ ಸಿದ್ರಾಮಪ್ಪ. "ದಂಡೋಬಾ ಏರ್ಯಾವು."

"ಒಂದ ಗೀರೂ ಇಲ್ಲಲ್ರಿ."

"ಏರ್ಯಾವು ಅಂದೆನಲ್ಲ."

ಮಳೆ ಜೋರಾಯಿತು. ಮುಂದಿನ ಬಸ್ಸು ಒಮ್ಮೆಲೆ ನಿಂತಿತು. ಸಿದ್ರಾಮಪ್ಪನ ಬಲಗಾಲು ಟೆಂಪೊದ ತಳದ ತಗಡನ್ನು ಬಲವಾಗಿ ಒತ್ತಿತು. ಅಲ್ಲಿ ಬ್ರೇಕು ಇರಲಿಲ್ಲ. ಬಸ್ಸು ಮುಂದೆ ಹೋದ ಮೇಲೂ ಅವನು ಆ ಕಾಲು ತೆಗೆಯಲಿಲ್ಲ.