ಗ್ಯಾಸ್ ಯಾರದು

“ಕುಂಡಿ ಬಿಗಿಹಿಡ್ಕೊಂಡು ಕೆಲಸ ಮಾಡಕ್ಕಾಗಲ್ವೇನ್ರೇ? ನಿಮ್ ನಾತ ಮೇಲೆ ಗಿರಾಕಿಗಳ ಮೂಗಿಗೆ ಬಡೀತಿದೆ.”

ಮ್ಯಾನೇಜರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಮೆಟ್ಟಿಲ ಮೇಲೆಯೇ ನಿಂತಿದ್ದ. ಕಸ ಗುಡಿಸುವ ನಾವು ನಾಲ್ವರು ಹೆಂಗಸರು ಕೆಳಗಿದ್ದೆವು. ಆಫೀಸಿನ ಕ್ಯಾಂಟೀನಿನಲ್ಲಿ ನಾವು ಕೂರುವಂತಿಲ್ಲ. ಬಟ್ಟೆ ಬದಲಾಯಿಸುವುದು, ಉಣ್ಣುವುದು ಎಲ್ಲ ನೆಲಮಾಳಿಗೆಯ ಯುಪಿಎಸ್ ಕೋಣೆಯಲ್ಲಿ, ಮೂವತ್ತೆರಡು ಬ್ಯಾಟರಿಗಳ ಮಧ್ಯೆ. ಕಿಟಕಿಯಿಲ್ಲ. ವಾರದಿಂದ ಆ ಬ್ಯಾಟರಿಗಳು ಮುಟ್ಟಿದರೆ ಸುಡುತ್ತಿದ್ದವು, ಉಬ್ಬಿಕೊಂಡು ಕೊಳೆತ ಮೊಟ್ಟೆಯ ವಾಸನೆ ಬಿಡುತ್ತಿದ್ದವು.

“ಗ್ಯಾಸ್ ಆಗ್ತಿದೆ ಸಾರ್,” ಅಂದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

“ನೋಡು, ಅವಳೇ ಒಪ್ಕೊಂಡ್ಲು,” ಎಂದ ಮ್ಯಾನೇಜರು, ಹಿಂದಿದ್ದ ಗುಮಾಸ್ತನಿಗೆ. ಮಧ್ಯಾಹ್ನದೊಳಗೆ ತಲೆಗೆರಡರಂತೆ ಹೊಟ್ಟೆಯ ಮಾತ್ರೆ ಬಂದವು.

“ಗ್ಯಾಸ್ ನಮಗಲ್ಲ ಸಾರ್, ಬ್ಯಾಟರಿಗೆ.”

“ಬ್ಯಾಟರಿ ಮೊಟ್ಟೆ ತಿನ್ನುತ್ತೇನೇ?”

ಮರುದಿನ ನೋಟೀಸು ಅಂಟಿಸಿದರು: ಸ್ವಚ್ಛತಾ ಸಿಬ್ಬಂದಿ ಮೊಟ್ಟೆ, ಮೂಲಂಗಿ, ಕಾಳು ತರಕೂಡದು. ಗುಮಾಸ್ತ ದಿನಾ ನಮ್ಮ ಡಬ್ಬಿ ಮೂಸಿ ಸಹಿ ಹಾಕತೊಡಗಿದ. ಪಾಪ, ಅಷ್ಟು ಓದಿದವನು. ನಾವು ಅವನಿಗೆ ಮೂಗಪ್ಪ ಎಂದು ಹೆಸರಿಟ್ಟೆವು.

ಬ್ಯಾಟರಿ ರಿಪೇರಿಯವನು ಬಂದು ನೋಡಿ ಬೆಚ್ಚಿದ. “ಚಾರ್ಜರ್ ಕೆಟ್ಟಿದೆ. ಚಾರ್ಜ್ ಜಾಸ್ತಿಯಾಗಿ ಒಳಗೆ ಆಸಿಡ್ ಕುದೀತಿದೆ. ಇದು ವಿಷದ ಗಾಳಿ ಸಾರ್, ಜೀವ ಹೋಗುತ್ತೆ. ಈಗ್ಲೇ ಆಫ್ ಮಾಡ್ಸಿ, ಬಾಗಿಲು ತೆಗೆದಿಡಿ.”

“ಆಫ್ ಮಾಡಿದ್ಮೇಲೆ ಕರೆಂಟ್ ಹೋದ್ರೆ ಕಂಪ್ಯೂಟರ್‌ಗಳ ಗತಿ?” ಎಂದ ಮ್ಯಾನೇಜರು. “ಬಾಗಿಲು ತೆಗೆದ್ರೆ ನಾತ ಮೇಲೆ ಬರುತ್ತೆ. ಹಾಕೇ ಇರ್ಲಿ.” ನಾವು ಒಳಗೆ ಹೋದ ಮೇಲೆ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಬೇಕೆಂದೂ ಅಪ್ಪಣೆಯಾಯಿತು. ಕಂಪ್ಯೂಟರಿನ ಮೇಲಿರುವ ಕಾಳಜಿ ನಮ್ಮ ಮೇಲಿದ್ದಿದ್ದರೆ ನಾವೂ ಎಂದೋ ಉದ್ಧಾರವಾಗುತ್ತಿದ್ದೆವು.

ಮೂರನೆಯ ದಿನ ನಮ್ಮಲ್ಲಿ ಹಿರಿಯಳಾದ ದೊಡ್ಡಮ್ಮ ಎಲ್ಲರಿಗಿಂತ ಮೊದಲು ಊಟಕ್ಕೆ ಹೋದಳು. ನಾವು ಹೋಗಿ ನೋಡಿದರೆ ಗೋಡೆಗೊರಗಿದ್ದಾಳೆ, ಎಚ್ಚರವಿಲ್ಲ, ತುಟಿ ನೀಲಿಗಟ್ಟಿದೆ. ನನ್ನ ಕೂಗಿಗೆ ಮ್ಯಾನೇಜರೂ ಮೂಗಪ್ಪನೂ ಬಂದು ಇಣುಕಿದರು.

“ಮಾತ್ರೆ ನುಂಗಿದ್ಲಾ?” ಎಂದ ಮ್ಯಾನೇಜರು.

“ಉಸಿರೇ ಸರಿಯಾಗಿಲ್ಲ ಸಾರ್. ಲಿಫ್ಟಲ್ಲಿ ಬಿಡಿ, ಆಸ್ಪತ್ರೆಗೆ ಹೊತ್ಕೊಂಡು ಹೋಗ್ತೀವಿ.”

“ಗಿರಾಕಿಗಳಿದ್ದಾರೆ. ಐದು ಗಂಟೆ ಆಗ್ಲಿ, ಹಿತ್ತಿಲ ಕಡೆಯಿಂದ ಹೋಗಿ. ಮೊದ್ಲು ಬಾಗಿಲು ಹಾಕು.”

ನನಗೆ ಮೈಯೆಲ್ಲ ಉರಿದುಹೋಯಿತು. “ನಿನ್ ಮನೆ ಹಾಳಾಗ, ಸೂಳೇಮಗನೆ,” ಎಂದೆ. ಏಳು ವರ್ಷದಲ್ಲಿ ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಬಾಗಿಲಿಗೆ ಒದ್ದೆ. ಆಸಿಡ್ ಗಾಳಿಗೆ ಕೀಲುಗಳು ತುಕ್ಕು ತಿಂದಿದ್ದವು, ಮೂರನೇ ಒದೆತಕ್ಕೆ ಬಾಗಿಲೇ ಕಿತ್ತು ಬಂತು. ಅದರ ಮೇಲೆ ದೊಡ್ಡಮ್ಮನನ್ನು ಮಲಗಿಸಿದೆವು. ನಾವಿದ್ದದ್ದು ಮೂವರು.

“ಏಯ್ ಮೂಗಪ್ಪ, ಏನ್ ನೋಡ್ತೀಯ? ಹಿಡಿ.”

ಅವನು ಮ್ಯಾನೇಜರ ಮುಖ ನೋಡಿದ, ದೊಡ್ಡಮ್ಮನ ಮುಖ ನೋಡಿದ, ಆಮೇಲೆ ನಾಲ್ಕನೆಯ ಮೂಲೆ ಹಿಡಿದ. ಮೆಟ್ಟಿಲು ಹತ್ತಿ ಗಿರಾಕಿಗಳ ನಡುವೆಯೇ ಮುಂಬಾಗಿಲತ್ತ ನಡೆದೆವು. ನಾತವೂ ನಮ್ಮ ಹಿಂದೆಯೇ ಹತ್ತಿ ಬಂತು. ಕೋಟು ಹಾಕಿದವರೆಲ್ಲ ಮೂಗು ಮುಚ್ಚಿಕೊಂಡು ಗೋಡೆಗೆ ಅಂಟಿದರು.

“ಲೇ, ಬಾಗಿಲು ಹಾಕಿ ಹೋಗ್ರೇ,” ಎಂದು ಮ್ಯಾನೇಜರು ಹಿಂದಿನಿಂದ ಕೂಗುತ್ತಲೇ ಇದ್ದ.

ಬಾಗಿಲು ನಮ್ಮ ಹೆಗಲ ಮೇಲಿತ್ತು. ದೊಡ್ಡಮ್ಮ ಇನ್ನೂ ಕಣ್ಣು ಬಿಟ್ಟಿರಲಿಲ್ಲ.